ಅವಳ ಪ್ರಕಾರ ನಾನು ಜಂಭದವಳಂತೆ

ಮೂರನೇ ಸೆಮಿಸ್ಟರ್ ಶುರುವಿನಲ್ಲಿ ನಮಗೆಲ್ಲ ಎರಡು ದಿನ ಸಾಫ್ಟ್ ಸ್ಕಿಲ್ಸ್ ಟ್ರೈನಿಂಗ್ ಇತ್ತು, ನೆನಪಿದೆಯಾ? ಅಟೆಂಡೆನ್ಸ್ ಕಡ್ಡಾಯ ಅಂತ ಹೇಳಿ ಕೂರಿಸಿದ್ದರಲ್ಲ, ಅದೇ. ನನ್ನ ಪಕ್ಕ ಕೂತವರಲ್ಲಿ ಅರ್ಧ ಜನ ಡೆಸ್ಕ್ ಕೆಳಗೆ ಫೋನ್ ಇಟ್ಟುಕೊಂಡು ರೀಲ್ಸ್ ನೋಡ್ತಿದ್ದರು. ನಾನೂ ಮೊದಲನೇ ದಿನ ಹಾಗೇ ಮಾಡಿದೆ, ಸುಳ್ಳು ಯಾಕೆ ಹೇಳಲಿ. ಎರಡನೇ ದಿನ ಮಧ್ಯಾಹ್ನ ಒಂದು ಆಕ್ಟಿವಿಟಿ ಕೊಟ್ಟರು. ಒಂದು ಹಾಳೆಯಲ್ಲಿ ನಿಮ್ಮನ್ನು ವರ್ಣಿಸುವ ಐದು ಪದ ಬರೆದು ಮಡಚಿಡಿ. ಆಮೇಲೆ ನಿಮ್ಮನ್ನು ಚೆನ್ನಾಗಿ ಬಲ್ಲ ಐದು ಜನ ಹೆಸರು ಹಾಕದೆ ನಿಮ್ಮ ಬಗ್ಗೆ ಒಂದೊಂದು ಪದ ಬರೆದು ಕೊಡಲಿ. ಎರಡನ್ನೂ ಹೋಲಿಸಿ ನೋಡಿ. ಅಷ್ಟೇ.

ನಾನು ನನ್ನ ಬಗ್ಗೆ ಬರೆದ ಮೊದಲ ಎರಡು ಪದ, ಸಂಕೋಚ ಮತ್ತು ಭಯ. ನನಗೆ ಬಂದ ಐದು ಚೀಟಿಗಳಲ್ಲಿ ಎರಡರಲ್ಲಿ 'ಸೈಲೆಂಟ್' ಅಂತಿತ್ತು. ಒಂದರಲ್ಲಿ 'ಸ್ಮಾರ್ಟ್', ಒಂದರಲ್ಲಿ 'ಆಟಿಟ್ಯೂಡ್'. ಐದನೆಯದು ಕನ್ನಡದಲ್ಲಿತ್ತು. 'ಜಂಭ'.

ನಮ್ಮ ಸೆಕ್ಷನ್ನಿನಲ್ಲಿ ಕನ್ನಡದಲ್ಲಿ ಬರೆಯೋರು ಬೆರಳೆಣಿಕೆಯಷ್ಟು ಜನ. ಅದರಲ್ಲಿ ನನ್ನನ್ನು 'ಚೆನ್ನಾಗಿ ಬಲ್ಲವರು' ಒಬ್ಬಳೇ, ನನ್ನ ಹಾಸ್ಟೆಲ್ ರೂಮ್‌ಮೇಟ್. ಒಂದು ವರ್ಷ ಒಂದೇ ರೂಮಿನಲ್ಲಿ, ಎರಡು ಮಂಚದ ನಡುವೆ ಮೂರಡಿ ಜಾಗ ಬಿಟ್ಟು ಮಲಗಿದವಳು. ಹೆಸರು ಬರೆಯಬೇಡ ಅಂದಿದ್ದಾಳೆ, ಬರೆಯಲ್ಲ. ಉಳಿದದ್ದನ್ನು ಬರೆಯೋಕೆ ಒಪ್ಪಿಗೆ ತಗೊಂಡಿದ್ದೀನಿ.

ಆ ಆಕ್ಟಿವಿಟಿಗೆ ಜೊಹಾರಿ ವಿಂಡೋ ಅಂತ ಹೆಸರು. ಕೇಳೋಕೆ ಯಾವುದೋ ಜಪಾನಿ ಅಥವಾ ರಾಜಸ್ಥಾನಿ ಪದದ ಥರ ಇದೆ. ಅಸಲಿಗೆ 1955ರಲ್ಲಿ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು, ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್, ಇದನ್ನು ಮಾಡಿದ್ದು. ಜೋ ಮತ್ತು ಹ್ಯಾರಿ ಸೇರಿ ಜೊಹಾರಿ. ನಾಲ್ಕು ಗಾಜಿನ ಕಿಟಕಿ ಅಂದುಕೊಳ್ಳಿ. ಒಂದರಲ್ಲಿ ನನಗೂ ಗೊತ್ತಿರುವ, ನಿಮಗೂ ಗೊತ್ತಿರುವ ನಾನು. ಇನ್ನೊಂದರಲ್ಲಿ ನನಗೆ ಮಾತ್ರ ಗೊತ್ತಿರುವ, ನಾನು ಮುಚ್ಚಿಟ್ಟಿರುವ ನಾನು. ಮೂರನೆಯದರಲ್ಲಿ ನಿಮಗೆಲ್ಲ ಕಾಣುವ, ಆದರೆ ನನಗೇ ಕಾಣದ ನಾನು. ನಾಲ್ಕನೆಯದು ಯಾರಿಗೂ ಗೊತ್ತಿಲ್ಲದ್ದು. ಡಿಜಿಟಲ್ ಲಾಜಿಕ್ ಓದಿದವರಿಗೆ ಇದು ಎರಡು ವೇರಿಯೇಬಲ್ ಇರೋ ಕೆ-ಮ್ಯಾಪ್ ಅಷ್ಟೇ ಅಂತ ಕೂಡಲೇ ಹೊಳೆಯುತ್ತೆ. ನಂಗೂ ಹೊಳೆದು ನಗು ಬಂತು. ಆದರೆ ಕೈಯಲ್ಲಿ ಆ ಚೀಟಿ ಇತ್ತಲ್ಲ, ನಗು ಜಾಸ್ತಿ ಹೊತ್ತು ನಿಲ್ಲಲಿಲ್ಲ.

ನನ್ನ ತಲೆ ಕೆಡಿಸಿದ್ದು ಇದು: ನನಗೆ ಸಂಕೋಚ ಅನ್ನಿಸಿದ್ದೂ ಅವಳಿಗೆ ಜಂಭ ಅನ್ನಿಸಿದ್ದೂ ಎರಡು ಬೇರೆ ಬೇರೆ ಗುಣ ಅಲ್ಲ. ಎರಡೂ ಒಂದೇ ಮೌನ. ನಾನು ಅದನ್ನು ಒಳಗಿಂದ ನೋಡ್ತಿದ್ದೆ, ಅವಳು ಹೊರಗಿಂದ.

ಸ್ವಲ್ಪ ಹಿಂದಕ್ಕೆ ಹೋಗ್ತೀನಿ. ನಾನು ಬೆಂಗಳೂರಲ್ಲಿ ಓದಿದವಳು, ಎಲ್‌ಕೆಜಿಯಿಂದ ಪಿಯುಸಿವರೆಗೂ ಇಂಗ್ಲಿಷ್ ಮೀಡಿಯಂ. ನಮ್ಮ ಸ್ಕೂಲಲ್ಲಿ ಕನ್ನಡ ಪೀರಿಯಡ್ ಬಿಟ್ಟು ಬೇರೆ ಹೊತ್ತಲ್ಲಿ ಕನ್ನಡ ಮಾತಾಡಿದರೆ ಐದು ರೂಪಾಯಿ ಫೈನ್ ಇತ್ತು. ಮನೆಯಲ್ಲಿ ಪೂರ್ತಿ ಕನ್ನಡ, ಆದರೆ ಅದು ಊಟ, ತಿಂಡಿ, ಜಗಳದ ಕನ್ನಡ. ಪೇಪರ್ ಓದೋಕೆ ಕೂತರೆ ಒತ್ತಕ್ಷರ ಬಂದ ಕಡೆ ಎಡವುತ್ತೀನಿ, ಈಗಲೂ. ಇದು ನನಗೆ ನಾಚಿಕೆಯ ವಿಷಯ. ಕನ್ನಡ ಸರಿಯಾಗಿ ಬರಲ್ಲ ಅಂತ ಗೊತ್ತಾದರೆ 'ಬೆಂಗಳೂರಿನವಳು' ಅಂತ ನಗ್ತಾರೆ ಅನ್ನೋ ಹೆದರಿಕೆ. ಅದಕ್ಕೆ ನಾನು ಕಂಡುಕೊಂಡ ಉಪಾಯ, ಇಂಗ್ಲಿಷಲ್ಲಿ ಉತ್ತರ ಕೊಡೋದು.

ಹಾಸ್ಟೆಲ್ಲಿನ ಮೊದಲನೇ ದಿನ ಅವಳು ಟ್ರಂಕ್ ಎಳ್ಕೊಂಡು ಒಳಗೆ ಬಂದಳು. ಬಾಗಲಕೋಟೆ ಕಡೆಯ ಹಳ್ಳಿ ಹುಡುಗಿ, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ನನ್ನನ್ನು ನೋಡಿ, 'ಏನ್ ಬೇ, ಯಾವ ಊರಾಕಿ ನೀ?' ಅಂದಳು. ನಾನು ಬೆಚ್ಚಿಬಿದ್ದೆ. ಬೆಂಗಳೂರಲ್ಲಿ 'ಬೇ' ಅಂದರೆ ಹಿಂದಿಯ 'ಅಬೇ', ಬೀದಿಯಲ್ಲಿ ಗಾಡಿ ತಾಗಿದಾಗ ಬರೋ ಮಾತು. ಮೊದಲ ಭೇಟಿಯಲ್ಲೇ 'ನೀ' ಬೇರೆ. ಇವಳಿಗೆ ಏನು ಪೊಗರು ಅಂದುಕೊಂಡು, ಮುಖ ಬಿಗಿ ಮಾಡಿ, ಐ ಆಮ್ ಫ್ರಮ್ ಬ್ಯಾಂಗಲೋರ್ ಅಂತ ಹೇಳಿ ಮತ್ತೆ ಲ್ಯಾಪ್‌ಟಾಪ್ ನೋಡೋಕೆ ಶುರು ಮಾಡಿದೆ. ಅವರ ಕಡೆ 'ಬೇ' ಅನ್ನೋದು ಹೆಂಗಸರನ್ನು ಸಲಿಗೆಯಿಂದ ಕರೆಯೋ ಮಾತು, ಅಮ್ಮನಿಗೂ ಅನ್ನುತ್ತಾರೆ ಅಂತ ನನಗೆ ಗೊತ್ತಾಗೋಕೆ ಹದಿಮೂರು ತಿಂಗಳು ಬೇಕಾಯ್ತು. ಒಂದೇ ರಾಜ್ಯ, ಒಂದೇ ಭಾಷೆ, ಎರಡಕ್ಷರದ ಒಂದು ವಾಕ್ಯಭಾಗವೂ ಅಲ್ಲ, ಒಂದೇ ಅಕ್ಷರ!

ಆಮೇಲೆ ಒಂದು ವರ್ಷ ನಾವು ಜಗಳ ಆಡಲಿಲ್ಲ. ಫ್ಯಾನ್ ಆಫ್ ಮಾಡ್ಲಾ, ಕೀ ಎಲ್ಲಿ, ಬಕೆಟ್ ಯಾರದ್ದು, ಇಷ್ಟೇ. ಜಗಳ ಆಡಿದ್ದರೆ ಬೇಗ ಸರಿಹೋಗ್ತಿತ್ತೇನೋ.

ಈಗ ಟ್ರೈನಿಂಗ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನನ್ನ ತಕರಾರು ಇರೋದು ಅಲ್ಲಿ. ಜೊಹಾರಿ ಆಕ್ಟಿವಿಟಿಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ಉಳಿದ ಎರಡು ದಿನ ಪೂರ್ತಿ ಹೇಗೆ ನಿಲ್ಲಬೇಕು, ಎಲ್ಲಿ ನೋಡಬೇಕು, ಶೇಕ್‌ಹ್ಯಾಂಡ್ ಎಷ್ಟು ಗಟ್ಟಿ ಇರಬೇಕು, 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಅಂದಾಗ ಏನು ಒದರಬೇಕು, ಇದೇ. ಜೊತೆಗೆ ಆ ಪ್ರಸಿದ್ಧ ಸ್ಲೈಡ್: ಸಂವಹನದಲ್ಲಿ ಪದಗಳ ಪಾಲು 7 ಪರ್ಸೆಂಟ್, ದನಿಯದ್ದು 38, ಮುಖಭಾವ ಮತ್ತು ದೇಹಭಾಷೆಯದ್ದು 55. ನೀವೂ ನೋಡಿರ್ತೀರ. ನನಗೆ ಆಗಲೇ ಡೌಟು. ಪದಗಳ ಪಾಲು ಬರೀ ಏಳು ಪರ್ಸೆಂಟ್ ಆದರೆ ಕೊರಿಯನ್ ಸಿನಿಮಾವನ್ನು ಸಬ್‌ಟೈಟಲ್ ಇಲ್ಲದೆ ನೋಡಿದರೂ 93 ಪರ್ಸೆಂಟ್ ಅರ್ಥ ಆಗಬೇಕಲ್ವಾ? ಆಮೇಲೆ ಹುಡುಕಿ ಓದಿದೆ. ಆಲ್ಬರ್ಟ್ ಮೆಹ್ರೇಬಿಯನ್ ಅನ್ನೋ ಮನೋವಿಜ್ಞಾನಿ 1967ರಲ್ಲಿ ಪ್ರಕಟಿಸಿದ ಎರಡು ಸಣ್ಣ ಪ್ರಯೋಗಗಳಿಂದ ಬಂದ ಸಂಖ್ಯೆ ಅದು. ಒಂಟಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ, ಈ ವ್ಯಕ್ತಿಗೆ ಎದುರಿನವರು ಇಷ್ಟವೋ ಇಲ್ಲವೋ ಅಂತ ಕೇಳಿದ ಪ್ರಯೋಗ. ಅಂದರೆ ಮಾತು ಒಂದು, ಮುಖ ಇನ್ನೊಂದು ಹೇಳುವಾಗ ಜನ ಯಾವುದನ್ನು ನಂಬುತ್ತಾರೆ ಅನ್ನೋದಕ್ಕೆ ಸಂಬಂಧಿಸಿದ್ದು. ಎಲ್ಲ ಮಾತಿಗೂ ಇದು ಅನ್ವಯ ಆಗಲ್ಲ ಅಂತ ಆ ಮನುಷ್ಯನೇ ಸ್ಪಷ್ಟ ಮಾಡಿದ್ದಾನೆ. ಪಾಪ, ಸ್ಲೈಡ್ ಮಾತ್ರ ಕಾಲೇಜಿಂದ ಕಾಲೇಜಿಗೆ ಓಡಾಡ್ತಾನೇ ಇದೆ.

ಇನ್ನೊಂದು ಸ್ಲೈಡಲ್ಲಿ ಸೆಂಡರ್, ಚಾನೆಲ್, ರಿಸೀವರ್, ನಡುವೆ ನಾಯ್ಸ್. ನಾನು ಇ ಅಂಡ್ ಸಿ ಬ್ರಾಂಚು, ಈ ಚಿತ್ರ ನಮ್ಮ ಮನೆದೇವರು. 1948ರಲ್ಲಿ ಕ್ಲಾಡ್ ಶಾನನ್ ಬರೆದ ಪ್ರಬಂಧದ ಮೊದಲ ಚಿತ್ರ ಅದು. ಆದರೆ ಅದೇ ಪ್ರಬಂಧದ ಶುರುವಲ್ಲೇ ಶಾನನ್ ಒಂದು ಮಾತು ಹೇಳಿಬಿಟ್ಟಿದ್ದಾನೆ: ಸಂದೇಶದ ಅರ್ಥ ಏನು ಅನ್ನೋದು ಎಂಜಿನಿಯರಿಂಗ್ ಸಮಸ್ಯೆಗೆ ಸಂಬಂಧಪಡೋದಿಲ್ಲ ಅಂತ. ಈ ಕಡೆ ಕಳಿಸಿದ ಚಿಹ್ನೆ ಆ ಕಡೆ ಹಾಗೇ ತಲುಪಿದರೆ ಅವನ ಕೆಲಸ ಮುಗೀತು. ಟೆಲಿಫೋನ್ ತಂತಿಗೆ ಅದು ಸರಿ. ನನ್ನ ರೂಮ್‌ಮೇಟ್ ಅಂದ 'ಬೇ' ನನ್ನ ಕಿವಿಗೆ ಒಂದೇ ಒಂದು ಬಿಟ್ ಎರರ್ ಇಲ್ಲದೆ ತಲುಪಿತ್ತು. ಅರ್ಥ ಮಾತ್ರ ದಾರಿಯಲ್ಲಿ ಬದಲಾಗಿತ್ತು. ನಾಯ್ಸ್ ಇದ್ದದ್ದು ಚಾನೆಲ್‌ನಲ್ಲಿ ಅಲ್ಲ, ನನ್ನ ಡಿಕೋಡರ್‌ನಲ್ಲಿ. ಮನುಷ್ಯರ ಮಾತಿಗೆ ಈ ಚಿತ್ರ ಹಾಕಿ 'ಇದೇ ಕಮ್ಯುನಿಕೇಶನ್' ಅನ್ನೋದು ತಪ್ಪು ಅಂತ ನನ್ನ ವಾದ.

ಹೇಳುವವನಿಗೆ ತಾನು ಹೇಳಿದ್ದು ಎಷ್ಟು ಸ್ಪಷ್ಟ ಅನ್ನಿಸಿರುತ್ತೆ ಅನ್ನೋದಕ್ಕೆ ಒಂದು ಪ್ರಯೋಗ ಇದೆ, ನೀವೇ ಮಾಡಿ ನೋಡಬಹುದು. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಅನ್ನೋ ಪಿಎಚ್‌ಡಿ ವಿದ್ಯಾರ್ಥಿನಿ ಮಾಡಿದ್ದು. ಒಬ್ಬರು ಎಲ್ಲರಿಗೂ ಗೊತ್ತಿರೋ ಹಾಡನ್ನು ಮನಸ್ಸಲ್ಲೇ ಹಾಡಿಕೊಳ್ಳುತ್ತಾ ಟೇಬಲ್ ಮೇಲೆ ಬೆರಳಲ್ಲಿ ತಟ್ಟಬೇಕು. ಎದುರಿಗಿರೋರು ಯಾವ ಹಾಡು ಅಂತ ಹೇಳಬೇಕು. ತಟ್ಟಿದವರು ಅರ್ಧಕ್ಕರ್ಧ ಜನ ಕಂಡುಹಿಡೀತಾರೆ ಅಂದುಕೊಂಡಿದ್ದರು. 120 ಸಲ ತಟ್ಟಿದ್ದರಲ್ಲಿ ಸರಿಯಾಗಿ ಹೇಳಿದ್ದು 3. ನಾವು ಹಾಸ್ಟೆಲ್ಲಲ್ಲಿ ಒಂದು ರಾತ್ರಿ ಮಾಡಿದೆವು. ನಾನು ನಾಡಗೀತೆ ತಟ್ಟಿದೆ. ಯಾರೋ ಒಬ್ಬಳು 'ಹ್ಯಾಪಿ ಬರ್ತ್‌ಡೇನಾ?' ಅಂದಳು. ನನ್ನ ತಲೆಯೊಳಗೆ ಪೂರ್ತಿ ಆರ್ಕೆಸ್ಟ್ರಾ ನಡೀತಿದೆ, ಅವರಿಗೆ ಕೇಳ್ತಿರೋದು ಬರೀ ಟಕಟಕ. ನನ್ನ ಮೌನದ ಒಳಗೂ ಹೀಗೇ ದೊಡ್ಡ ಆರ್ಕೆಸ್ಟ್ರಾ ಇತ್ತು. ಸಂಕೋಚ, ಹೆದರಿಕೆ, ಕನ್ನಡ ಬರಲ್ಲ ಅನ್ನೋ ನಾಚಿಕೆ. ಅವಳಿಗೆ ಕಂಡಿದ್ದು ಹೆಡ್‌ಫೋನ್ ಹಾಕ್ಕೊಂಡ ಒಂದು ಬೆನ್ನು.

ಚೀಟಿ ನೋಡಿದ ದಿನವೇ ಹೋಗಿ ಕೇಳಿದೆ ಅಂತ ಬರೆದರೆ ಕಥೆಗೆ ಚೆನ್ನಾಗಿರುತ್ತೆ. ಹಾಗೇನೂ ಆಗಲಿಲ್ಲ. ಮೊದಲ ಒಂದು ವಾರ ಸಿಟ್ಟು. ಅಮ್ಮನಿಗೆ ಫೋನ್ ಮಾಡಿ ರೂಮ್ ಚೇಂಜ್ ಮಾಡ್ಕೋತೀನಿ ಅಂದೆ. ವಾರ್ಡನ್‌ಗೆ ಕೊಡೋ ಲೆಟರನ್ನು ಟೈಪೂ ಮಾಡಿಟ್ಟೆ. ಅಷ್ಟರಲ್ಲಿ ಮಾಕ್ ಜಿಡಿ ಬಂತು.

ಗ್ರೂಪ್ ಡಿಸ್ಕಶನ್‌ನಲ್ಲಿ ಅವಳೂ ನಾನೂ ಒಂದೇ ಗುಂಪು. ಎಐ ಬಂದರೆ ಕೆಲಸ ಹೋಗುತ್ತಾ ಅನ್ನೋ ಹಳೇ ವಿಷಯ. ನಾನು ಮೂರು ಸಲ ಮಾತಾಡಿದೆ. ನಿಜ ಹೇಳಬೇಕಂದ್ರೆ ಒಂದರಲ್ಲೂ ವಿಷಯ ಇರಲಿಲ್ಲ, ಇಂಗ್ಲಿಷ್ ಮಾತ್ರ ಇತ್ತು. ಅವಳು ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಯಾರೋ ನಡುವೆ ನುಗ್ಗಿದರು. ಕೊನೆಗೆ ನನಗೆ ಹತ್ತಕ್ಕೆ ಎಂಟು, ಅವಳಿಗೆ ಮೂರು. ಶೀಟಿನಲ್ಲಿ 'ಪೂರ್ ಕಮ್ಯುನಿಕೇಶನ್' ಅಂತ ಷರಾ. ಅವತ್ತು ರಾತ್ರಿ ಅವಳು ಊಟಕ್ಕೆ ಬರಲಿಲ್ಲ.

ನಾನು ಅಲ್ಲಿಯವರೆಗೂ ಅವಳನ್ನು ಜೋರು ಹುಡುಗಿ ಅಂದುಕೊಂಡಿದ್ದೆ. ಫೋನಲ್ಲಿ ಅಪ್ಪನ ಹತ್ತಿರ ಕಾರಿಡಾರ್ ತುಂಬ ಕೇಳಿಸೋ ಹಾಗೆ ಮಾತಾಡೋಳು. ಇಂಟರ್ನಲ್ಸ್ ಹಿಂದಿನ ರಾತ್ರಿ ನಮ್ಮ ಫ್ಲೋರಿನ ಆರೇಳು ಹುಡುಗಿಯರನ್ನು ಕೂರಿಸಿಕೊಂಡು ಫೊರಿಯರ್ ಸೀರೀಸ್ ಹೇಳಿಕೊಡೋಳು. ಅದೂ ಹೇಗೆ? 'ಜಾತ್ರ್ಯಾಗ ಡೊಳ್ಳು, ಶಹನಾಯಿ, ಮೈಕು ಎಲ್ಲಾ ಕೂಡಿ ಒಂದೇ ಗದ್ಲ ಕೇಳಸ್ತೈತಿಲ್ಲೋ, ಆ ಗದ್ಲದಾಗ ಯಾವ್ದು ಎಷ್ಟ್ ಐತಿ ಅಂತ ಬಿಡಿಸಿ ಹೇಳೂದು.' ನಾನು ನನ್ನ ಮಂಚದ ಮೇಲೆ ಹೆಡ್‌ಫೋನ್ ಹಾಕ್ಕೊಂಡು, ಹಾಡು ಆಫ್ ಮಾಡಿ, ಕದ್ದು ಕೇಳಿಸಿಕೊಳ್ತಿದ್ದೆ. ಆ ಯೂನಿಟ್ ನನಗೆ ಅರ್ಥ ಆಗಿದ್ದೇ ಹಾಗೆ. ಇಂಥವಳಿಗೆ ಪೂರ್ ಕಮ್ಯುನಿಕೇಶನ್ ಅಂತೆ. ಹತ್ತಕ್ಕೆ ಎಂಟು ತಗೊಂಡ ನಾನು ಒಂದು ವರ್ಷದಲ್ಲಿ ಪಕ್ಕದ ಮಂಚದವಳಿಗೆ ನನ್ನ ಬಗ್ಗೆ ಒಂದು ಸರಿಯಾದ ಮಾಹಿತಿ ಮುಟ್ಟಿಸಿರಲಿಲ್ಲ.

ಮೆಸ್ಸಿಂದ ಎರಡು ಚಪಾತಿ, ಪಲ್ಯ ಡಬ್ಬಿಗೆ ಹಾಕಿಸಿಕೊಂಡು ಬಂದೆ. ಕೊಡುವಾಗ ಏನು ಹೇಳಬೇಕು ಗೊತ್ತಾಗದೆ, 'ಆ ಚೀಟಿ ನೀನೇ ಬರೆದಿದ್ದಲ್ವಾ?' ಅಂತ ಕೇಳಿಬಿಟ್ಟೆ. ಇದಕ್ಕಿಂತ ಕೆಟ್ಟ ಟೈಮಿಂಗ್ ಇರೋಕೆ ಸಾಧ್ಯ ಇಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೌದು ಅಂದಳು. 'ಮೊದಲ್ನೇ ದಿನ ನಾ ಕನ್ನಡದಾಗ ಕೇಳಿದ್ಯಾ, ನೀ ಇಂಗ್ಲಿಷ್‌ನ್ಯಾಗ ಹೇಳಿದಿ. ನನ್ನ ಕೂಡ ಮಾತಾಡಬ್ಯಾಡ ಅಂತ ಹೇಳಿದಂಗಾತು.' ನಾನು 'ಬೇ' ವಿಷಯ ಹೇಳಿದೆ. ಅವಳಿಗೆ ಅಳುವಿನ ನಡುವೆ ನಗು. ಅವತ್ತು ರಾತ್ರಿ ಒಂದೂವರೆವರೆಗೆ ಮಾತಾಡಿದೆವು. ಅವಳು ತನ್ನ ಐದು ಪದಗಳ ಹಾಳೆ ತೋರಿಸಿದಳು. ಮೊದಲನೆಯದು 'ದಡ್ಡಿ'. ಮೊದಲ ಸೆಮಿಸ್ಟರ್ ಪೂರ್ತಿ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅಳ್ತಿದ್ದಳಂತೆ, ಪಾಠ ಇಂಗ್ಲಿಷಲ್ಲಿ ತಲೆಗೆ ಹೋಗಲ್ಲ ಅಂತ. ನಲ್ಲಿ ಸದ್ದು ನನಗೆ ಕೇಳಿಸಿತ್ತು. ನೀರು ವೇಸ್ಟ್ ಮಾಡ್ತಾಳೆ ಅಂತ ನಾನು ಮನಸ್ಸಲ್ಲೇ ಬೈದುಕೊಂಡಿದ್ದೆ.

ನಾವು ನಮ್ಮನ್ನು ನೋಡಿಕೊಳ್ಳೋದು ಎಲ್ಲಿ ಅನ್ನೋ ಪ್ರಶ್ನೆಗೆ ಚಾರ್ಲ್ಸ್ ಕೂಲಿ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞ 1902ರಲ್ಲೇ ಒಂದು ಉತ್ತರ ಕೊಟ್ಟಿದ್ದ. ಬೇರೆಯವರೇ ನಮಗೆ ಕನ್ನಡಿ. ಅವರಿಗೆ ನಾವು ಹೇಗೆ ಕಾಣ್ತೀವಿ ಅಂತ ಊಹಿಸ್ತೀವಿ, ಅದನ್ನು ನೋಡಿ ಅವರು ಏನಂದುಕೊಂಡಿರಬಹುದು ಅಂತ ಊಹಿಸ್ತೀವಿ, ಆ ಊಹೆಯಿಂದ ನಮಗೆ ಹೆಮ್ಮೆಯೋ ಅವಮಾನವೋ ಆಗುತ್ತೆ. ಗಮನಿಸಿ, ಎರಡೂ ಊಹೆ. ಎದುರಿನವರು ನಿಜವಾಗಿ ಏನಂದುಕೊಂಡರು ಅನ್ನೋದಕ್ಕೆ ಇಲ್ಲಿ ಜಾಗವೇ ಇಲ್ಲ. ನಾನು ಒಂದು ವರ್ಷ ಹೆದರಿದ್ದು 'ಇವಳು ನನ್ನ ಕನ್ನಡ ಕೇಳಿ ನಗ್ತಾಳೆ' ಅನ್ನೋದಕ್ಕೆ. ಅವಳು ಹೆದರಿದ್ದು 'ಇವಳು ನನ್ನ ಇಂಗ್ಲಿಷ್ ಕೇಳಿ ನಗ್ತಾಳೆ' ಅನ್ನೋದಕ್ಕೆ. ಇಬ್ಬರೂ ನಗಲಿಲ್ಲ, ಇಬ್ಬರೂ ಕೇಳಲೂ ಇಲ್ಲ.

ನಮ್ಮನ್ನು ಎಲ್ಲರೂ ನೋಡ್ತಿದ್ದಾರೆ ಅನ್ನೋದೂ ಬಹುಪಾಲು ಭ್ರಮೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು ವಿದ್ಯಾರ್ಥಿಗಳಿಗೆ ಮುಜುಗರ ಆಗೋ ಥರದ, ಬ್ಯಾರಿ ಮ್ಯಾನಿಲೋ ಅನ್ನೋ ಗಾಯಕನ ಚಿತ್ರ ಇರೋ ಟೀ ಶರ್ಟ್ ಹಾಕಿಸಿ, ಬೇರೆಯವರು ಕೂತಿದ್ದ ರೂಮಿಗೆ ಕಳಿಸಿದರು. 2000ದಲ್ಲಿ ಪ್ರಕಟವಾದ ಪ್ರಯೋಗ. ಸುಮಾರು ಅರ್ಧ ಜನ ಗಮನಿಸಿರ್ತಾರೆ ಅಂತ ಹಾಕಿಕೊಂಡವರ ಅಂದಾಜು. ಗಮನಿಸಿದ್ದು ಕಾಲು ಭಾಗದಷ್ಟು ಜನ. ವೈವಾದಲ್ಲಿ ತೊದಲಿದ್ದು, ಸ್ಟೇಜ್ ಮೇಲೆ ಮೈಕ್ ಕೀರಲು ಹೊಡೆದದ್ದು, ಇದನ್ನೆಲ್ಲ ನೆನೆಸಿಕೊಂಡು ರಾತ್ರಿ ನಿದ್ದೆಗೆಡೋರಿಗೆ ಈ ಟೀ ಶರ್ಟ್ ನೆನಪಿರಲಿ.

ಕೆಲವರು ಕೇಳಬಹುದು, ಪ್ಲೇಸ್‌ಮೆಂಟ್ ಇಂಟರ್‌ವ್ಯೂ ಕನ್ನಡದಲ್ಲಿ ಮಾಡ್ತಾರಾ ಅಂತ. ಮಾಡಲ್ಲ. ಇಂಗ್ಲಿಷ್ ಬೇಕು, ಅವಳಿಗೂ ಬೇಕು, ಅದನ್ನು ಅವಳೇ ನನಗಿಂತ ಜೋರಾಗಿ ಹೇಳ್ತಾಳೆ. ಇಂಗ್ಲಿಷಿನಿಂದ ಲಾಭ ಪಡೆದ ನಾನು ಇಂಗ್ಲಿಷ್ ಬೇಡ ಅಂದರೆ ಅದು ಹೊಟ್ಟೆ ತುಂಬಿದವರ ಮಾತು. ನನ್ನ ಮಾತು ಬೇರೆ. ಇಂಗ್ಲಿಷ್ ಕಲಿಸಿ, ಅದಕ್ಕೆ ಇಂಗ್ಲಿಷ್ ಅಂತಲೇ ಹೆಸರಿಡಿ. ಮಾರ್ಕ್ಸ್ ಶೀಟಲ್ಲಿ 'ಇಂಗ್ಲಿಷ್ ಸಾಲದು' ಅಂತ ಬರೆದಿದ್ದರೆ ಅವಳು ಊಟ ಬಿಡ್ತಿರಲಿಲ್ಲ. ಅದು ಕಲಿತರೆ ಬರೋ ವಿಷಯ. 'ಕಮ್ಯುನಿಕೇಶನ್ ಸರಿಯಿಲ್ಲ' ಅಂದರೆ ನೀನೇ ಸರಿಯಿಲ್ಲ ಅಂದ ಹಾಗೆ. ಹತ್ತೊಂಬತ್ತು ವರ್ಷದವರು ಅದನ್ನು ನಂಬಿಬಿಡ್ತೀವಿ. ಅವಳ ಹಾಳೆಯಲ್ಲಿ 'ದಡ್ಡಿ' ಅನ್ನೋ ಪದ ಇಂಥ ಷರಾಗಳಿಂದಲೇ ಬಂದದ್ದು. ಅದೇ ರೀತಿ ನನ್ನ ಎಂಟು ಮಾರ್ಕ್ಸ್ ನೋಡಿ ನನಗೆ ಮಾತಾಡೋಕೆ ಬರುತ್ತೆ ಅಂತ ನಾನೂ ನಂಬಿದ್ದೆ.

ನಮ್ಮ ಟ್ರೈನಿಂಗಿನ ಮಾತುಗಾರಿಕೆ ಒಂಥರಾ ಯುಡಿಪಿ. ಪ್ಯಾಕೆಟ್ ಕಳಿಸ್ತಾ ಹೋಗು, ಮುಟ್ಟಿತೋ ಇಲ್ಲವೋ ಕೇಳಬೇಡ. ಟಿಸಿಪಿಯಲ್ಲಾದರೆ ಡೇಟಾ ಹೋಗೋ ಮುಂಚೆ ಮೂರು ಸಲ ಕೈ ಕುಲುಕಬೇಕು, ಹೋದ ಮೇಲೆ ಆ ಕಡೆಯಿಂದ 'ಬಂತು' ಅಂತ ಉತ್ತರ ಬರಬೇಕು, ಬರದಿದ್ದರೆ ಮತ್ತೆ ಕಳಿಸಬೇಕು. ಎರಡು ದಿನದ ಟ್ರೈನಿಂಗಲ್ಲಿ ಒಂದು ಸಲವಾದರೂ 'ನಾನು ಹೇಳಿದ್ದು ನಿನಗೆ ಏನಂತ ಅರ್ಥ ಆಯ್ತು, ನಿನ್ನ ಮಾತಲ್ಲಿ ಹೇಳು' ಅಂತ ಪಕ್ಕದವರನ್ನು ಕೇಳೋ ಅಭ್ಯಾಸ ಮಾಡಿಸಲಿಲ್ಲ. ಒಂದು ಜಿಡಿಯನ್ನಾದರೂ ಕನ್ನಡದಲ್ಲಿ ಇಡಬಹುದಿತ್ತು. ಆಗ ನನಗೆ ಮೂರು ಬರ್ತಿತ್ತು, ಅವಳಿಗೆ ಎಂಟು. ಇಬ್ಬರಿಗೂ ಬುದ್ಧಿ ಬರ್ತಿತ್ತು. ನಮ್ಮ ಕನ್ನಡ ಸಂಘ ಇದನ್ನು ಮಾಡಬಾರದಾ? ಸಂಪಾದಕರು ಓದ್ತಿದ್ದೀರ ಅಂತ ನಂಬಿ ಕೇಳ್ತಿದ್ದೀನಿ. ರಾಜ್ಯೋತ್ಸವಕ್ಕೆ ಡೊಳ್ಳು, ಶಾಲು, ಫೋಟೊ ಇರಲಿ. ಜೊತೆಗೆ ತಿಂಗಳಿಗೊಂದು ಸಂಜೆ, ಒಂದು ಕಷ್ಟದ ಕಾನ್ಸೆಪ್ಟನ್ನು ಯಾರಾದರೂ ಕನ್ನಡದಲ್ಲಿ ಹೇಳೋದು, ಕೇಳಿದವರು ಅದನ್ನು ತಿರುಗಿ ಹೇಳೋದು. ಖರ್ಚು ಒಂದು ಕ್ಲಾಸ್‌ರೂಮಿನ ಕೀ, ಅಷ್ಟೇ. ಫೊರಿಯರ್ ಹೇಳೋಕೆ ಜನ ನಾನು ಒದಗಿಸ್ತೀನಿ.

ಆ ರಾತ್ರಿಯಿಂದ ಎಲ್ಲ ಸರಿಹೋಯ್ತು ಅಂತ ಅಂದುಕೋಬೇಡಿ. ನನಗೆ ಸಿಟ್ಟು ಬಂದಾಗ ಇಂಗ್ಲಿಷ್ ತಾನಾಗೇ ಬರುತ್ತೆ. ಅವಳು ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟು ಆರೂವರೆಗೆ ಏಳೋದನ್ನು ಬಿಟ್ಟಿಲ್ಲ. ವಾರ್ಡನ್ ಲೆಟರ್ ಇನ್ನೂ ನನ್ನ ಲ್ಯಾಪ್‌ಟಾಪಲ್ಲೇ ಇದೆ, ಡಿಲೀಟ್ ಮಾಡ್ತೀನಿ ಅಂದ್ಕೊಂಡು ಮರೀತೀನಿ. ಸದ್ಯ ದಿನಾ ರಾತ್ರಿ ಅರ್ಧ ಗಂಟೆ ಅವಳು ಇಂಗ್ಲಿಷಲ್ಲಿ ಮಾತಾಡಬೇಕು, ಅರ್ಧ ಗಂಟೆ ನಾನು ಕನ್ನಡದಲ್ಲಿ ಏನಾದರೂ ಜೋರಾಗಿ ಓದಬೇಕು ಅಂತ ಒಪ್ಪಂದ. ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಕೇಳ್ತೀವಿ. ನನ್ನ ದನಿ ನನಗೇ ಇಷ್ಟ ಆಗಲ್ಲ, ಕೀರಲು ಅನ್ನಿಸುತ್ತೆ. ನಾವು ಮಾತಾಡುವಾಗ ನಮ್ಮ ದನಿ ನಮಗೆ ಗಾಳಿಯಿಂದ ಮಾತ್ರ ಅಲ್ಲ, ತಲೆಬುರುಡೆಯ ಮೂಳೆ ಮೂಲಕವೂ ಕೇಳುತ್ತೆ, ಆ ದಾರಿಯಲ್ಲಿ ಕೆಳ ಫ್ರೀಕ್ವೆನ್ಸಿ ಜಾಸ್ತಿ ಬರುತ್ತೆ, ಅದಕ್ಕೆ ರೆಕಾರ್ಡಿಂಗ್ ತೆಳ್ಳಗೆ ಕೇಳಿಸೋದು ಅಂತ ಅವಳಿಗೆ ವಿವರಿಸಿದೆ. ಅವಳು, 'ಹೌದಾ? ನನಗ ಮೊದಲಿಂದ ಹಿಂಗ ಕೇಳತೈತಿ' ಅಂದಳು.

ಈ ಲೇಖನವನ್ನು ಕಳಿಸೋ ಮುಂಚೆ ಅವಳಿಗೆ ತೋರಿಸಿದೆ. ಮೂವತ್ತೊಂದು ಕಾಗುಣಿತ ತಪ್ಪು ತಿದ್ದಿದಳು. ಅಳುವ ಭಾಗ ತೆಗೀಲಾ ಅಂತ ಕೇಳಿದೆ. ಬೇಡ ಇರಲಿ, ಆದರೆ ನಲ್ಲಿ ಪೂರ್ತಿ ಬಿಡ್ತಿರಲಿಲ್ಲ, ಅರ್ಧ ಬಿಡ್ತಿದ್ದೆ, ಅದನ್ನು ಸರಿಯಾಗಿ ಬರಿ ಅಂದಳು. ಬರೆದಿದ್ದೀನಿ. ಭಾಳ ಉದ್ದ ಆತು ಅಂತಲೂ ಅಂದಳು.